ಅಮ್ಮನಿಗೆ ಗ್ಯಾಸಿನ ಮಾತ್ರೆ ಕೊಟ್ಟವನು ನಾನೇ

ಮಾನ್ಯ ಸಂಪಾದಕರೇ,

ನಾನು 31 ವರ್ಷದಿಂದ ಮೆಡಿಕಲ್ ಶಾಪ್ ಇಟ್ಟುಕೊಂಡವನು. ಊರು ಮಲೆನಾಡಿನದು, ಆಗುಂಬೆ ಘಾಟಿಯ ಮೇಲ್ಗಡೆ. ನಿಮ್ಮ ಪತ್ರಿಕೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬರುತ್ತದೆ. ಮೊದಲ ಗಿರಾಕಿ ಬರುವ ತನಕ ಓದುತ್ತೇನೆ. ಹೃದಯಾಘಾತದ ಬಗ್ಗೆ ಈಚೆಗೆ ನೀವು ತುಂಬಾ ಬರೆಯುತ್ತಿದ್ದೀರಿ, ಒಳ್ಳೆಯದೇ. ಆದರೆ ಆ ಲೇಖನಗಳ ಜೊತೆ ಹಾಕುವ ಚಿತ್ರದ ಮೇಲೆ ನನಗೆ ತಕರಾರಿದೆ. ಪ್ರತಿ ಸಲವೂ ಅದೇ. ಮೂವತ್ತೈದು ನಲವತ್ತರ ಗಂಡಸು, ಇಸ್ತ್ರಿ ಮಾಡಿದ ಅಂಗಿ, ಎಡ ಎದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮುಖ ಕಿವುಚಿದ್ದಾನೆ. ನಮ್ಮ ಮನೆಯಲ್ಲಿ ಹೃದಯಾಘಾತ ಆದದ್ದು 81 ವರ್ಷದ ನನ್ನ ಅಮ್ಮನಿಗೆ. ಅವಳು ಎದೆಯನ್ನು ಮುಟ್ಟಿಕೊಳ್ಳಲೂ ಇಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ಮೇಲೆ ನಮ್ಮೂರಿನ ಹುಡುಗರೆಲ್ಲ ಇಸಿಜಿ ಮಾಡಿಸಿಕೊಂಡು ಬಂದರು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಜಯದೇವ ಆಸ್ಪತ್ರೆಯ ಮುಂದೆ ನಿಂತ ಕ್ಯೂ ನೀವೇ ಫೋಟೊ ಸಮೇತ ಹಾಕಿದ್ದಿರಿ. ಹುಡುಗರು ಹೆದರಿದ್ದು ತಪ್ಪಲ್ಲ. ಆದರೆ ಈ ಗಲಾಟೆಯಲ್ಲಿ ಮನೆಯ ಮೂಲೆಯಲ್ಲಿ ಕೂತ ಮುದುಕರ ಎದೆ ಯಾರ ಲೆಕ್ಕಕ್ಕೂ ಬರಲಿಲ್ಲ. ಅವರಿಗೆ ಏನಾದರೂ ಆದರೆ ಎರಡೇ ಉತ್ತರ. ಒಂದು ಗ್ಯಾಸು, ಇನ್ನೊಂದು ವಯಸ್ಸಾಯ್ತಲ್ಲ.

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಕಳೆದಿತ್ತು. ಅಡಿಕೆ ಸುಲಿಯುವ ಕಾಲ. ಅಮ್ಮ ಆ ವಯಸ್ಸಿನಲ್ಲೂ ಮೆಟ್ಟುಗತ್ತಿ ಮುಂದೆ ಕೂತು ಒಂದು ಬುಟ್ಟಿ ಸುಲಿಯದೆ ಏಳುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಅರ್ಧಕ್ಕೇ ಇಟ್ಟಳು. ಅದು ನಮ್ಮ ಮನೆಯಲ್ಲಿ ದೊಡ್ಡ ಸುದ್ದಿ, ನಾವು ಗಮನಿಸಲಿಲ್ಲ ಅಷ್ಟೆ. "ಎಂತದೋ ಸುಸ್ತು ಮಾರಾಯಾ, ಹೊಟ್ಟೆ ತೊಳೆಸ್ತದೆ" ಅಂದಳು. ಹಿಂದಿನ ರಾತ್ರಿ ಹಬ್ಬದ ಉಳಿದ ಹೋಳಿಗೆ ತಿಂದಿದ್ದಳು. ನನಗೆ ಅಷ್ಟು ಸಾಕಾಯಿತು. ಪ್ಯಾಂಟೊಪ್ರಜೋಲ್ 40 ಅನ್ನುವ ಗ್ಯಾಸಿನ ಮಾತ್ರೆ ಒಂದು ಕೊಟ್ಟೆ. ಮೇಲಿಂದ ಎರಡು ಚಮಚ ಗುಲಾಬಿ ಬಣ್ಣದ ಗ್ಯಾಸಿನ ಔಷಧಿ ಕುಡಿಸಿದೆ. ಹಾಗೇ ಅಂಗಡಿಗೆ ಹೊರಟೆ.

ಗೇಟಿನ ತನಕ ಹೋದವನನ್ನು ಹೆಂಡತಿ ಕರೆದಳು. "ಅತ್ತೆ ರವಿಕೆ ಬೆನ್ನ ಹತ್ತಿರ ಪೂರ್ತಿ ಒದ್ದೆ ಆಗಿದೆ, ಬಂದು ನೋಡಿ." ನವೆಂಬರಿನ ಚಳಿ, ಅಂಗಳದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಅಮ್ಮನ ಹಣೆ, ಕುತ್ತಿಗೆಯೆಲ್ಲ ತಣ್ಣಗೆ ಬೆವರಿತ್ತು. ಕೈ ಮುಟ್ಟಿದರೆ ಬಾವಿಯಿಂದ ಆಗಷ್ಟೆ ಎತ್ತಿದ ಕೊಡ ಮುಟ್ಟಿದ ಹಾಗೆ. ಎದೆ ನೋಯ್ತದಾ ಅಂತ ಕೇಳಿದೆ. ಇಲ್ಲ. ಭುಜ? ಇಲ್ಲ. "ನೋವು ಎಂತದೂ ಇಲ್ಲ, ಸುಮ್ನೆ ಮಲಗ್ತೇನೆ ಬಿಡು" ಅಂದಳು. 20 ವರ್ಷದಿಂದ ಅವಳಿಗೆ ಶುಗರ್ ಇದೆ. ಆ ಮಾತ್ರೆಯನ್ನು ನಾನೇ ತಿಂಗಳು ತಿಂಗಳು ಕೊಡುತ್ತೇನೆ. ಶುಗರ್ ಹಳೆಯದಾದರೆ ನರ ಮಂಕಾಗುತ್ತದೆ, ಎದೆನೋವು ಗೊತ್ತಾಗದೇ ಹೋಗಬಹುದು ಅಂತ ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನು. ಅವತ್ತು ಅದು ನೆನಪಿಗೆ ಬರಲಿಲ್ಲ. ಶುಗರ್ ಇಳಿದಿರಬೇಕು ಅಂತ ಗ್ಲೂಕೋಮೀಟರಿನಲ್ಲಿ ನೋಡಿದೆ. ಇಳಿದಿರಲಿಲ್ಲ, 210 ತೋರಿಸಿತು. ಮತ್ತೆ ಅಂಗಡಿಗೆ ಹೋದೆ.

ಒಂಬತ್ತು ಗಂಟೆಗೆ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಬಿಪಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಪಿತ್ತ ಆಗಿದೆ, ವಯಸ್ಸಾಯ್ತಲ್ಲ, ನಿಶ್ಶಕ್ತಿ ಅಂದರು. ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು ಒಂದು ಬಾಟಲ್ ಗ್ಲೂಕೋಸ್ ಹಾಕಿದರು. ಇಸಿಜಿ ಯಂತ್ರ ಅದೇ ಕೋಣೆಯ ಮೂಲೆಯಲ್ಲಿತ್ತು. ಮೇಲೆ ಬಟ್ಟೆ ಹೊದಿಸಿದ್ದರು. ನಾನು ಅದನ್ನು ನೋಡಿದೆ, ಕೇಳಲಿಲ್ಲ. ಡಾಕ್ಟರ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಅವರಿಗಿಂತ ಎರಡು ಗಂಟೆ ಮೊದಲು ಅದೇ ತಪ್ಪು ಮಾಡಿದವನು ನಾನು.

ಮಧ್ಯಾಹ್ನ ಅಮ್ಮ ನಿದ್ದೆ ಮಾಡಿದಳು, ನಾವು ಗುಣವಾಯ್ತು ಅಂದುಕೊಂಡೆವು. ನಾಲ್ಕು ಗಂಟೆಗೆ ಎದ್ದವಳು ಎರಡು ಮಾತಾಡಿದರೆ ಏದುಸಿರು ಬಿಡುತ್ತಿದ್ದಳು. ಪಕ್ಕದ ಮನೆಯವರು ಓಡಿ ಬಂದು ಜೇಬಿನಿಂದ ರಕ್ತನಾಳ ಸಡಿಲಿಸುವ ಸಾರ್ಬಿಟ್ರೇಟ್ ಮಾತ್ರೆ ತೆಗೆದರು, ನಾಲಿಗೆ ಕೆಳಗೆ ಇಡಿ ಅಂತ. ವಾಟ್ಸಾಪಿನಲ್ಲಿ ಬಂದ ಮೆಸೇಜು ನೋಡಿ ಆ ಮಾತ್ರೆಯನ್ನು ನನ್ನ ಅಂಗಡಿಯಿಂದಲೇ ಒಯ್ದಿದ್ದರು. ಅಲ್ಲಿ ಮಾತ್ರ ನನ್ನ ಬುದ್ಧಿ ಕೆಲಸ ಮಾಡಿತು. ಬಿಪಿ ನೋಡದೆ ಬೇಡ ಅಂದೆ. ನೋಡಿದರೆ ಮೇಲಿನದು 90. ಬಿಪಿ ಇಳಿದವರಿಗೆ ಆ ಮಾತ್ರೆ ಇಟ್ಟರೆ ಅದು ಇನ್ನೂ ಇಳಿದು ಅಲ್ಲೇ ಕುಸಿಯಬಹುದು. ಹೃದಯದ ಬಲಭಾಗಕ್ಕೆ ಪೆಟ್ಟು ಬಿದ್ದಿದ್ದರಂತೂ ಅಪಾಯ ಜಾಸ್ತಿ. ಅಮ್ಮನಿಗೆ ಬಿದ್ದಿದ್ದು ಅಲ್ಲಿಗೇ ಅಂತ ಆಸ್ಪತ್ರೆಗೆ ಹೋದ ಮೇಲೆ ಗೊತ್ತಾಯಿತು.

ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ಡ್ಯೂಟಿಯಲ್ಲಿದ್ದ ಡಾಕ್ಟರು ಒಬ್ಬ ಹುಡುಗಿ, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವರಿರಬಹುದು. ವಯಸ್ಸು ಕೇಳಿದರು, ಶುಗರ್ ಇದೆಯಾ ಕೇಳಿದರು, ಬೆವರಿದ್ದು ಎಷ್ಟು ಹೊತ್ತಿಗೆ ಅಂತ ಕೇಳಿದರು. ಎದೆನೋವಿನ ಪ್ರಶ್ನೆ ಕೊನೆಗೆ ಬಂತು. ಹೆಸರು ಬರೆಸುವ ಮೊದಲೇ ಇಸಿಜಿ ತೆಗೆದರು. ಹೃದಯಾಘಾತದ ಅನುಮಾನ ಇದ್ದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ಜಗತ್ತಿನೆಲ್ಲೆಡೆಯ ನಿಯಮ, ಅದನ್ನು ಪಾಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ. ಮೊದಲ ಕಾಗದ ಅಮ್ಮನ ನಡುಕದಿಂದ ಕೋಳಿ ಕೆದಕಿದ ಹಾಗೆ ಬಂತು. ಬಿಸಾಕಲಿಲ್ಲ. ಅಮ್ಮನ ಬೆನ್ನಿಗೆ ದಿಂಬು ಕೊಟ್ಟು, ಕಂಬಳಿ ಹೊದಿಸಿ, ನಡುಕ ನಿಂತ ಮೇಲೆ ಮತ್ತೆ ತೆಗೆದರು. ಆಮೇಲೆ ಎಡ ಎದೆಗೆ ಹಚ್ಚಿದ್ದ ಇಸಿಜಿ ಬಟನ್ನುಗಳನ್ನು ಬಲ ಎದೆಗೆ ಹಚ್ಚಿ ಮೂರನೇ ಸಲ. ಆ ಕಾಗದವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಹೃದಯದ ಡಾಕ್ಟರಿಗೆ ಕಳಿಸಿದರು. ಆರು ಗಂಟೆಗೆ ಫೋನು ಬಂತು. ಬಲಗಡೆಯ ರಕ್ತನಾಳ ಕಟ್ಟಿದೆ, ಹನ್ನೊಂದು ಗಂಟೆ ಕಳೆದಿದೆ, ಕೂಡಲೇ ಕಳಿಸಿ.

ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆಯಲ್ಲ ಮೇಡಂ ಅಂತ ನಾನು ಕೇಳಿದೆ. ಅಂಗಡಿಯವನ ಜಾಣತನ. ಅದು ಬೇಗ ಬಂದವರಿಗೆ ಕೆಲಸ ಮಾಡುವ ಔಷಧಿ. ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟರೆ ಹೆಚ್ಚು ಲಾಭ, ಹನ್ನೆರಡು ಗಂಟೆ ದಾಟಿದರೆ ಕೊಡುವುದಿಲ್ಲ. ಅದೂ ಅಲ್ಲದೆ ಮುದುಕರಿಗೆ ಅದರಿಂದ ಮೆದುಳಿನಲ್ಲಿ ರಕ್ತಸ್ರಾವ ಆಗುವ ಭಯವಿದೆ. ಅದೇ ಜಾತಿಯ ಟೆನೆಕ್ಟಿಪ್ಲೇಸ್ ಔಷಧಿಯ ಮೇಲೆ 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಈ ಕಾರಣಕ್ಕೇ ಮಧ್ಯದಲ್ಲಿ 75 ದಾಟಿದವರ ಡೋಸನ್ನು ಅರ್ಧಕ್ಕೆ ಇಳಿಸಿದ್ದರು. ಇದೆಲ್ಲ ನಾನು ಆಮೇಲೆ ಓದಿದ್ದು. ಆ ಡಾಕ್ಟರು ಹೇಳಿದ್ದು ಒಂದೇ ಮಾತು: "ಬೆಳಿಗ್ಗೆ ಎಂಟಕ್ಕೆ ಬಂದಿದ್ರೆ ಕೊಡಬಹುದಿತ್ತು ಅಂಕಲ್."

ಬೆಳಿಗ್ಗೆ ಎಂಟಕ್ಕೆ ನಾನು ಅಂಗಡಿಯಲ್ಲಿದ್ದೆ.

ಘಾಟಿ ಇಳಿದದ್ದು 108ರಲ್ಲಿ. ಆ ಹದಿನಾಲ್ಕು ತಿರುವುಗಳನ್ನು ನಾನು ಸಾವಿರ ಸಲ ಇಳಿದಿದ್ದೇನೆ, ಎಣಿಸಿದ್ದು ಅವತ್ತು ಮಾತ್ರ. ಮಂಜಿನಲ್ಲಿ ಡ್ರೈವರ್ ಮುಂದಿನ ಬಸ್ಸಿನ ಕೆಂಪು ದೀಪ ನೋಡಿಕೊಂಡೇ ಹೋದ. ಕೆಳಗಿನ ಆಸ್ಪತ್ರೆ ಮುಟ್ಟಿದಾಗ ಎಂಟೂ ಕಾಲು. ಮಣಿಕಟ್ಟಿನ ಮೂಲಕ ತಂತಿ ಹಾಕಿ, ನಾಳ ತೆರೆದಿಡುವ ಒಂದು ಸ್ಟೆಂಟ್ ಇಟ್ಟರು. ಅಷ್ಟು ಹೊತ್ತಿಗೆ ಬಂದು ಸೇರಿದ್ದ ನಮ್ಮ ನೆಂಟರೊಬ್ಬರು ವರಾಂಡದಲ್ಲಿ ನನ್ನ ಕೈ ಹಿಡಿದು ಕೇಳಿದರು, "81 ಆಯ್ತಲ್ಲೋ, ಇನ್ನು ಇದೆಲ್ಲ ಬೇಕಾ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಹಿಂದಿನ ದಿನ ಸಂಜೆ ಅಮ್ಮ ಒಂದು ಬುಟ್ಟಿ ಅಡಿಕೆ ಸುಲಿದು, ಕೊಟ್ಟಿಗೆಯಲ್ಲಿ ಹಾಲು ಕರೆದಿದ್ದಳು. ಡಾಕ್ಟರು ನನ್ನನ್ನು ಕೇಳಿದ್ದೂ ಅದನ್ನೇ. ಹೋದ ವಾರ ಅವರು ಏನೇನು ಕೆಲಸ ಮಾಡಿಕೊಳ್ಳುತ್ತಿದ್ದರು? ತಾವೇ ಸ್ನಾನ ಮಾಡುತ್ತಿದ್ದರಾ? ಮರೆವು ಇದೆಯಾ? ಕಿಡ್ನಿ ಹೇಗಿದೆ? ಹುಟ್ಟಿದ ಇಸವಿ ಆಮೇಲೆ.

ಮುದುಕರೆಲ್ಲರಿಗೂ ಸ್ಟೆಂಟ್ ಹಾಕಿಸಿ ಅಂತ ನಾನು ಹೇಳುತ್ತಿಲ್ಲ. ಹೃದಯಾಘಾತದಲ್ಲಿ ಎರಡು ಜಾತಿ. ನಾಳ ಪೂರ್ತಿ ಕಟ್ಟಿ ಇಸಿಜಿಯಲ್ಲಿ ಎದ್ದು ಕಾಣುವುದು ಒಂದು, ಅದರಲ್ಲಿ ಆದಷ್ಟು ಬೇಗ ನಾಳ ತೆರೆಯಬೇಕು. ಅರೆಬರೆ ಕಟ್ಟಿದ್ದು ಇನ್ನೊಂದು, ವಯಸ್ಸಾದವರಲ್ಲಿ ಇದೇ ಜಾಸ್ತಿ. ಈ ಎರಡನೆಯದರಲ್ಲಿ ಬ್ರಿಟನ್ನಿನವರು 75 ದಾಟಿದ 1,518 ಜನರನ್ನು ನಾಲ್ಕು ವರ್ಷ ಹಿಂಬಾಲಿಸಿ 2024ರಲ್ಲಿ ಹೇಳಿದ್ದಾರೆ. ಆಂಜಿಯೋಗ್ರಾಂ ಮಾಡಿ ನಾಳ ನೋಡಿ, ಬೇಕಿದ್ದರೆ ಸ್ಟೆಂಟ್ ಹಾಕುವ ದಾರಿಗೆ ಹೋದವರಿಗೂ ಬರೀ ಮಾತ್ರೆಯಲ್ಲಿ ಇದ್ದವರಿಗೂ ಸಾವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮತ್ತೊಮ್ಮೆ ಅಟ್ಯಾಕ್ ಆಗುವುದು ಮಾತ್ರ ಸ್ವಲ್ಪ ಕಡಿಮೆಯಾಗಿತ್ತು. ಅಂದರೆ ಯಾವ ಚಿಕಿತ್ಸೆ ಅಂತ ಕೂತು ಮಾತಾಡಲು ಜಾಗ ಇದೆ. ಆದರೆ ಮಾತಾಡುವುದಕ್ಕೂ ಮೊದಲು ಆಗಿರುವುದು ಏನು ಅಂತ ಗೊತ್ತಾಗಬೇಕಲ್ವಾ? ನಮ್ಮಲ್ಲಿ ಕೈ ಕೊಡುತ್ತಿರುವುದು ಅಲ್ಲೇ.

ಅಮ್ಮ ಐಸಿಯುನಲ್ಲಿ ಎರಡು ರಾತ್ರಿ ಬೇರೆಯೇ ಲೋಕದಲ್ಲಿದ್ದಳು. ನರ್ಸಿಗೆ "ಕರು ಕಟ್ಟಿದ್ಯಾ, ಹಾಲೆಲ್ಲ ಕುಡಿದು ಬಿಟ್ಟೀತು" ಅಂತ ಗದರುತ್ತಿದ್ದಳಂತೆ. ನನಗೆ ಕೈಕಾಲು ಬಿದ್ದು ಹೋಯಿತು. ವಯಸ್ಸಾದವರಿಗೆ ಆಸ್ಪತ್ರೆಯ ದೀಪ, ಸದ್ದು, ಖಾಯಿಲೆಯ ಏಟಿಗೆ ಹೀಗಾಗುವುದು ಸಾಮಾನ್ಯ, ಅವರ ಕನ್ನಡಕ ತಂದುಕೊಡಿ, ಮನೆಯವರು ಯಾರಾದರೂ ಹತ್ತಿರ ಕೂರಿ ಅಂದರು. ಕನ್ನಡಕ ಹಾಕಿಸಿದೆ. ಮೂರನೇ ದಿನ ನನ್ನನ್ನು ನೋಡಿ "ಅಂಗಡಿ ಯಾರಿಗೆ ಬಿಟ್ಟು ಬಂದಿದ್ದೀಯ?" ಅಂದಳು. ಇಷ್ಟು ಸಣ್ಣ ವಿಷಯ, ಕನ್ನಡಕ. ಕಿವಿ ಕೇಳದವರಿಗೆ ಮಿಷನ್ನೂ ಹಾಗೇ ಒಯ್ಯಬೇಕು.

ಈಗ ಅವಳಿಗೆ 83. ಹೃದಯದ ಪಂಪಿಂಗ್ ಇಳಿದು ನೂರಕ್ಕೆ 40ಕ್ಕೆ ನಿಂತಿದೆ. ಬೇಗ ಹೋಗಿದ್ದರೆ ಇಷ್ಟು ಮಾಂಸಖಂಡ ಹಾಳಾಗುತ್ತಿರಲಿಲ್ಲ. ತೋಟಕ್ಕೆ ಇಳಿಯುವುದಿಲ್ಲ, ಜಗಲಿಯಲ್ಲಿ ಕೂತು ಸುಲಿಯುವ ಹೆಂಗಸರ ತಪ್ಪು ಹುಡುಕುತ್ತಾಳೆ.

ಆಮೇಲೆ ಹುಡುಕಿ ಓದಿದ್ದರಲ್ಲಿ ಒಂದು ಲೆಕ್ಕ ತಲೆಯಲ್ಲಿ ಕೂತುಬಿಟ್ಟಿದೆ. ಅಮೆರಿಕದಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ 4 ಲಕ್ಷ 34 ಸಾವಿರ ಜನರ ದಾಖಲೆ ನೋಡಿ 2000ನೇ ಇಸವಿಯಲ್ಲಿ ಪ್ರಕಟಿಸಿದ್ದು. ಮೂವರಲ್ಲಿ ಒಬ್ಬರಿಗೆ ಎದೆನೋವೇ ಇರಲಿಲ್ಲ. ನೋವಿಲ್ಲದವರ ಸರಾಸರಿ ವಯಸ್ಸು 74, ನೋವಿದ್ದವರದು 67. ಆಸ್ಪತ್ರೆಯಲ್ಲೇ ತೀರಿಕೊಂಡವರು ನೋವಿಲ್ಲದವರಲ್ಲಿ ನೂರಕ್ಕೆ 23, ನೋವಿದ್ದವರಲ್ಲಿ 9. ನೋವಿಲ್ಲದವರು ಬಂದದ್ದೇ ತಡವಾಗಿ, ಬಂದ ಮೇಲೂ ಸರಿಯಾದ ಔಷಧಿ ಸಿಕ್ಕಿದ್ದು ಕಡಿಮೆ. ನಮ್ಮ ಅಡುಗೆಮನೆಯಲ್ಲಿ ನಡೆದದ್ದೇ ಅಲ್ಲೂ ನಡೆದಿದೆ.

ಗ್ಯಾಸ್ ಅನ್ನುವ ಶಬ್ದಕ್ಕೆ ನಮ್ಮಲ್ಲಿ ಗಂಟಲಿನಿಂದ ಹೊಕ್ಕುಳಿನ ತನಕ ಜಾಗೀರು ಇದೆ. ಬೆನ್ನು ಹಿಡಿದರೆ ಗ್ಯಾಸು, ತಲೆ ತಿರುಗಿದರೆ ಗ್ಯಾಸು. ದಿನಕ್ಕೆ ಹತ್ತಿಪ್ಪತ್ತು ಜನ ಬಂದು "ಒಂದು ಶೀಟ್ ಗ್ಯಾಸಿನ ಮಾತ್ರೆ" ಅನ್ನುತ್ತಾರೆ. ಎರಡು ವರ್ಷದಿಂದ ನಾನು ವಯಸ್ಸಾದವರಿಗೆ ಸುಮ್ನೆ ಕೊಡುವುದನ್ನು ಬಿಟ್ಟಿದ್ದೇನೆ. ಯಾವಾಗಿಂದ? ಬೆವರಿತಾ? ಮೆಟ್ಟಿಲು ಹತ್ತುವಾಗ ಜಾಸ್ತಿ ಆಗ್ತದಾ? ರಾತ್ರಿ ಚಪ್ಪಟೆ ಮಲಗಲು ಆಗ್ತದಾ? ಕೆಲವರಿಗೆ ಸಿಟ್ಟು ಬರುತ್ತದೆ. ಪಕ್ಕದ ಅಂಗಡಿಗೆ ಹೋಗುತ್ತಾರೆ. ಭುಜ ನೋವಿಗೆ ಡೈಕ್ಲೋಫಿನಾಕ್ ಕೇಳಿಕೊಂಡು ಬಂದ ಒಬ್ಬ ಹಿರಿಯರನ್ನು ಬಲವಂತವಾಗಿ ಇಸಿಜಿಗೆ ಕಳಿಸಿದೆ. ಅವರಿಗೆ ಏನೂ ಇರಲಿಲ್ಲ. ಕಟ್ಟಿಗೆ ಹೊತ್ತು ಭುಜ ಹಿಡಿದಿತ್ತು, ಅಷ್ಟೆ. ಈಗಲೂ ಸಂತೆಯಲ್ಲಿ ಸಿಕ್ಕರೆ "ನನ್ನ ಇನ್ನೂರು ರೂಪಾಯಿ ಕೊಡು" ಅನ್ನುತ್ತಾರೆ. ಕೊಡಬೇಕೇನೋ. ಆ ನೋವಿನ ಮಾತ್ರೆಯೂ ವಯಸ್ಸಾದವರ ಹೃದಯಕ್ಕೆ, ಕಿಡ್ನಿಗೆ ಒಳ್ಳೆಯದಲ್ಲ ಅಂತ ಹೇಳಿದ್ದಕ್ಕೆ ಮತ್ತೆ ನಕ್ಕರು.

ಆದರೆ ಇನ್ನೊಬ್ಬ ಅಜ್ಜಿ ಇದ್ದರು. ಅವರ ಮೊಮ್ಮಗ ಒಂದೂವರೆ ತಿಂಗಳಲ್ಲಿ ನಾಲ್ಕು ಬಾಟಲ್ ಕೆಮ್ಮಿನ ಔಷಧಿ ಒಯ್ದಿದ್ದ. ಐದನೆಯದಕ್ಕೆ ಬಂದಾಗ ಅಜ್ಜಿಯನ್ನೇ ಕರೆದುಕೊಂಡು ಬಾ ಅಂದೆ. ಅಜ್ಜಿ ಬಂದು ಸ್ಟೂಲಿನ ಮೇಲೆ ಕೂತು ಚಪ್ಪಲಿ ಬಿಟ್ಟರು. ಪಾದದ ಮೇಲೆ ಚಪ್ಪಲಿ ಪಟ್ಟಿಯ ಅಚ್ಚು ಗುಳಿಬಿದ್ದ ಹಾಗೆ ಕೂತಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯಿತು. ರಾತ್ರಿ ಹೇಗೆ ಮಲಗ್ತೀರಿ ಅಜ್ಜಿ ಅಂದರೆ, "ಗೋಡೆಗೆ ಒರಗಿ ಕೂತ್ಕೊಳ್ತೇನೆ, ಮಲಗಿದ್ರೆ ಕೆಮ್ಮು ಬರ್ತದೆ" ಅಂದರು. ಅದು ಕಫ ಅಲ್ಲ, ಹೃದಯ ಸರಿಯಾಗಿ ಪಂಪ್ ಮಾಡದೆ ಶ್ವಾಸಕೋಶಕ್ಕೆ ನೀರು ಹತ್ತುತ್ತಿದ್ದದ್ದು. ನೀರು ಇಳಿಯುವ ಮಾತ್ರೆ ಶುರುವಾದ ಒಂದು ವಾರಕ್ಕೆ ಅಜ್ಜಿ ಚಾಪೆ ಮೇಲೆ ಕಾಲು ಚಾಚಿ ಮಲಗಿದರು.

2024ರಲ್ಲಿ ರಾಜ್ಯ ಸರ್ಕಾರ ಪುನೀತ್ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರು ಕೂತಲ್ಲೇ ಓದಿ ಹೇಳುತ್ತಾರೆ. ಹೊರಗೆ ಹತ್ತಾರು ಸಾವಿರ ಬೆಲೆಯ, ಹೆಪ್ಪು ಕರಗಿಸುವ ಆ ಇಂಜೆಕ್ಷನ್ ಅಲ್ಲಿ ಉಚಿತ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪಿನಲ್ಲೇ ಸಲಹೆ ಕೊಡುವ ಕೆಲಸ ಅದಕ್ಕೂ ಮೊದಲೇ ಶುರುಮಾಡಿದ್ದರು. ಯಂತ್ರ ಇದೆ, ಓದುವವರು ಇದ್ದಾರೆ. ಅಲ್ಲಿಗೆ ಮುದುಕರನ್ನು ಮುಟ್ಟಿಸುವುದು ಯಾರು? ಈ ಯೋಜನೆಗೆ ಬೋರ್ಡು ಬರೆಸುವವರಲ್ಲಿ ಒಂದು ಬೇಡಿಕೆ. "ಎದೆನೋವು" ಅಂತ ಬರೆದ ಕೆಳಗೆ ಇನ್ನೊಂದು ಸಾಲು ಸೇರಿಸಿ. ವಯಸ್ಸಾದವರಿಗೆ, ಶುಗರ್ ಇದ್ದವರಿಗೆ, ಇದ್ದಕ್ಕಿದ್ದಂತೆ ತಣ್ಣನೆ ಬೆವರು, ಏದುಸಿರು, ವಾಂತಿ, ತಲೆಸುತ್ತಿ ಬೀಳುವುದು, ಸುಮ್ಮಸುಮ್ಮನೆ ಗಲಿಬಿಲಿ ಮಾತು, ಇವು ಬಂದರೂ ಮೊದಲು ಇಸಿಜಿ. ಗ್ಲೂಕೋಸ್ ಬಾಟಲ್ ಆಮೇಲೆ.

ಒಂದು ಇಸಿಜಿ ಸರಿ ಬಂತು ಅಂತ ಎದ್ದು ಬರಬೇಡಿ ಅಂತಲೂ ಬರೆಯಬೇಕು. ಸುಸ್ತು, ಬೆವರು ಹಾಗೇ ಇದ್ದರೆ ಮತ್ತೆ ತೆಗೆಯಬೇಕು. ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೊನಿನ್ ಅನ್ನುವ ಅಂಶದ ಪರೀಕ್ಷೆಯನ್ನೂ ಕೆಲವು ಗಂಟೆ ಬಿಟ್ಟು ಎರಡನೇ ಸಲ ಮಾಡಬೇಕು, ಯಾಕೆಂದರೆ ಅದು ಏರಲು ಸಮಯ ಬೇಕು. ಕಿಡ್ನಿ ತೊಂದರೆ ಇರುವ ಮುದುಕರಲ್ಲಿ ಅದು ಎಷ್ಟೋ ಸಲ ಮೊದಲೇ ಸ್ವಲ್ಪ ಮೇಲೆ ಇರುತ್ತದೆ. ಹಾಗಾಗಿ ಒಂದು ಅಂಕಿ ಸಾಲದು, ಏರುತ್ತಿದೆಯಾ ಅಂತ ನೋಡಬೇಕು.

ಮನೆಯವರಿಗೆ ನನ್ನದೊಂದು ಅಂಗಡಿಯವನ ಸಲಹೆ. ಅಪ್ಪ ಅಮ್ಮ ಚೆನ್ನಾಗಿರುವಾಗಲೇ ಒಂದು ಇಸಿಜಿ ತೆಗೆಸಿ ಇಡಿ. ವಯಸ್ಸಾದವರ ಇಸಿಜಿಯಲ್ಲಿ ಹಳೇ ದೋಷಗಳು ಇರುತ್ತವೆ. ಹೊಸದು ಯಾವುದು, ಹಳೇದು ಯಾವುದು ಅಂತ ಡಾಕ್ಟರು ಹೋಲಿಸಿ ನೋಡಲು ಅದೇ ಆಧಾರ. ಆದರೆ ಆ ಕಾಗದ ಬಸ್ ಟಿಕೆಟ್ಟಿನ ಥರ, ಬೀರುವಿನಲ್ಲಿಟ್ಟರೆ ಕೆಲವು ವರ್ಷಕ್ಕೆ ಅಳಿಸಿ ಹೋಗುತ್ತದೆ. ಎರಡು ರೂಪಾಯಿ ಕೊಟ್ಟು ಜೆರಾಕ್ಸ್ ಮಾಡಿಸಿ. ಅದರ ಹಿಂದೆಯೇ ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಬರೆದಿಡಿ. ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ "ಬೆಳಿಗ್ಗೆ ಒಂದು ಬಿಳಿದು, ಸಂಜೆ ಅರ್ಧ ಕೆಂಪು" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ಈಗಾಗಲೇ ನುಂಗುತ್ತಿದ್ದರಂತೂ ಅದನ್ನು ಮೊದಲು ಹೇಳಬೇಕು. ಆಸ್ಪಿರಿನ್ ಜಗಿಸಬೇಕಾ, ಸಾರ್ಬಿಟ್ರೇಟ್ ಇಡಬೇಕಾ ಅಂತ ನಮ್ಮಂಥವರನ್ನು ಕೇಳಿ ಹೊತ್ತು ಕಳೆಯಬೇಡಿ, 108ಕ್ಕೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಮಾಡಿ.

ನಿಮ್ಮಲ್ಲೂ ಒಂದು ಕೇಳುವುದಿದೆ. ಮುಂದಿನ ಸಲ ಹೃದಯಾಘಾತದ ಲೇಖನ ಹಾಕುವಾಗ ಆ ಇಸ್ತ್ರಿ ಅಂಗಿಯವನಿಗೆ ರಜೆ ಕೊಡಿ. ಜಗಲಿಯಲ್ಲಿ ಗೋಡೆಗೆ ಒರಗಿ ಕೂತ, ಹಣೆ ಬೆವರಿದ, ಕಾಫಿ ಲೋಟ ಅರ್ಧಕ್ಕೇ ಪಕ್ಕಕ್ಕಿಟ್ಟ ಒಬ್ಬ ಅಜ್ಜಿಯ ಚಿತ್ರ ಬರೆಸಿ. ನಮ್ಮೂರಿನವರು ಗುರುತು ಹಿಡಿಯುತ್ತಾರೆ.

ಈ ಪತ್ರವನ್ನು ಕಳಿಸುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ಗ್ಯಾಸಿನ ಮಾತ್ರೆ ಕೊಟ್ಟದ್ದು, ಕರು, ಕನ್ನಡಕ ಎಲ್ಲದಕ್ಕೂ ತಲೆ ಆಡಿಸಿದಳು. ಒಂದೇ ಕಡೆ ತಡೆದಳು. "ರವಿಕೆ ಒದ್ದೆ ಆದದ್ದನ್ನೆಲ್ಲ ಪೇಪರಿಗೆ ಹಾಕ್ತಾರಾ ಮಾರಾಯಾ? ಅದು ತೆಗಿ" ಅಂದಳು. ತೆಗೆಯುತ್ತೇನೆ ಅಂತ ಹೇಳಿ ಹಾಗೇ ಕಳಿಸುತ್ತಿದ್ದೇನೆ.

ಇಂತಿ,
ಒಬ್ಬ ಮೆಡಿಕಲ್ ಶಾಪಿನವನು
ಶಿವಮೊಗ್ಗ ಜಿಲ್ಲೆ